ಹನ್ನೆರಡನೆಯ ಕಂತಿನಿಂದ ಮುಂದಿನ ದನಿ

ವಾಚಕ ಮಹಾಶಯರಲ್ಲಿ ಈ ಲೇಖಕನು ಆರಂಭದಲ್ಲೇ ವಿನಂತಿಸಿಕೊಳ್ಳುವುದೇನೆಂದರೆ, ಮುಂದೆ ನಿರೂಪಿಸಲಾಗುವ ಸಂಗತಿಯಲ್ಲಿ ಕೊಲೆಯಿಲ್ಲ, ಪ್ರಣಯವಿಲ್ಲ, ಬೀಗ ಒಡೆದ ಪೆಟ್ಟಿಗೆಯಿಂದ ಹೊರಬೀಳುವ ಉಯಿಲೂ ಇಲ್ಲ. ನಾನು ಓದು ಕಲಿತದ್ದು ಈ ಮೂರೂ ತಪ್ಪದೆ ಇರುತ್ತಿದ್ದ ಪುಸ್ತಕಗಳಿಂದಲೇ. ನಿಲ್ದಾಣದ ಗೂಡಂಗಡಿಗಳಲ್ಲಿ ರಾಶಿ ಹಾಕಿ ಮಾರುವ, ಎರಡು ಸಲ ತೆರೆದರೆ ಬೆನ್ನು ಬಿಟ್ಟುಕೊಳ್ಳುವ ಕಾದಂಬರಿಗಳಿಂದ. ಆದಕಾರಣ ಅವುಗಳಿಲ್ಲದ ಕೊರತೆ ಎಂಥದೆಂಬುದನ್ನು ಬಲ್ಲೆ. ಇಲ್ಲಿರುವುದು ಒಂದು ಹಳೆಯ ಕಾರ್ಟೂನು, ಅದರೊಳಗೆ ಮಾತನಾಡುವ ಒಂದು ನೌಕೆ, ಮತ್ತು ನಾನು ಮಾಡಿದ ಒಂದು ತಪ್ಪು.

ನಾನು ಯಾವ ಊರಿನಲ್ಲೂ ಒಂದು ವರ್ಷಕ್ಕೆ ಮೇಲ್ಪಟ್ಟು ಕಾಲೂರಿದವನಲ್ಲ. ಬೀದಿಯ ದೀಪದ ಕಂಬಗಳಿಗೆ ಬಣ್ಣ ಬಳಿದಿದ್ದೇನೆ, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಯಂತ್ರ ನಡೆಸಿದ್ದೇನೆ, ಮೂರು ಚಿತ್ರಮಂದಿರಗಳಲ್ಲಿ ಪ್ರೊಜೆಕ್ಟರ್ ಓಡಿಸಿದ್ದೇನೆ. ಈ ಕೊನೆಯ ಅನುಭವದ ಬಲದಿಂದ ಹಳೆಯ ಫಿಲ್ಮುಗಳ ಉಗ್ರಾಣವೊಂದರಲ್ಲಿ ನನಗೆ ಪರಿಶೀಲಕನ ಕೆಲಸ ಸಿಕ್ಕಿತು. ಕಟ್ಟಡ ಹಿಂದೆ ಸೇಬು ಇಡುವ ಶೀತಲ ಗೃಹವಾಗಿತ್ತಂತೆ. ಗೋಡೆಗಳು ಮೊಳದಪ್ಪ, ಬಾಗಿಲು ಮುಚ್ಚಿದರೆ ಕಿವಿಯಲ್ಲಿ ಹತ್ತಿ ತುರುಕಿದಂತಾಗುತ್ತಿತ್ತು. ಒಳಗೆ ಸದಾ ಹುಳಿವಾಸನೆ. ಹಳೆಯ ಸುರುಳಿಗಳು ಕೆಡುವಾಗ ಹುಳಿಯಾಗುತ್ತವೆ, ಮತ್ತು ಒಂದು ಹುಳಿಯಾದರೆ ಪಕ್ಕದ್ದಕ್ಕೂ ಅಂಟಿಸುತ್ತದೆ. ಆದ್ದರಿಂದ ಕೆಟ್ಟದ್ದನ್ನು ಬೇಗ ಗುರುತಿಸಿ ನಾಶಮಾಡಬೇಕು. ಗುರುತಿಸುವವನೇ ಪರಿಶೀಲಕ.

ಕೆಲಸದ ರೀತಿಯನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಪ್ರತಿ ಸುರುಳಿಗೂ ಒಂದು ಚೀಟಿ. ಚೀಟಿಯ ಮೇಲೆ ಒಂದರಿಂದ ನಾಲ್ಕರವರೆಗೆ ದರ್ಜೆ. ಒಂದು ಎಂದರೆ ಶುದ್ಧ, ಎರಡು ಎಂದರೆ ಗೀರು ಮತ್ತು ಗದ್ದಲ, ಮೂರು ಎಂದರೆ ರಿಪೇರಿಯಿಲ್ಲದೆ ನಡೆಯದು, ನಾಲ್ಕು ಎಂದರೆ ಮುಗಿಯಿತು. ಚಿತ್ರವನ್ನು ಒಂದು ದಿನ ನೋಡಬೇಕು, ಧ್ವನಿಯನ್ನು ಇನ್ನೊಂದು ದಿನ ಕೇಳಬೇಕು. ಎರಡನ್ನೂ ಕೂಡಿಸಿ ನೋಡಿದರೆ ಕಿವಿಯ ತಪ್ಪನ್ನು ಕಣ್ಣು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಕಣ್ಣಿನದನ್ನು ಕಿವಿ. ಇದು ಆ ಮನೆಯ ನಿಯಮ, ಒಳ್ಳೆಯ ನಿಯಮವೂ ಹೌದು. ಒಮ್ಮೆ ಬರೆದು ರುಜು ಹಾಕಿದ ಚೀಟಿಯನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಹಿಂದಕ್ಕೆ ಪಡೆದವನ ಉಳಿದ ಚೀಟಿಗಳ ಗತಿಯೇನು?

ನನಗೆ ಒಪ್ಪಿಸಲಾದದ್ದು ‘ಅಂಚಿನಾಚೆ’ ಎಂಬ ಕಾರ್ಟೂನಿನ ಇಪ್ಪತ್ತೆರಡು ಕಂತುಗಳು. ಮೂಲ ‘ಅಂಚಿನಾಚೆ’ ಕಾರ್ಟೂನಲ್ಲ. ನಟರು ನಟಿಸಿದ, ಮೂರು ವರ್ಷ ಓಡಿದ ಟಿವಿ ಧಾರಾವಾಹಿ. ಒಂದು ನೌಕೆ, ಅದರ ಕಪ್ತಾನ, ವೈದ್ಯೆ, ದಾರಿ ಲೆಕ್ಕ ಹಾಕುವ ಗಣಿತಜ್ಞ, ವಾರಕ್ಕೊಂದು ಗ್ರಹ. ಆ ಗ್ರಹಗಳ ಬಂಡೆಗಳು ಕಾಲು ತಾಗಿದರೆ ಅಲುಗಾಡುತ್ತಿದ್ದವೆಂಬುದು ನಿಜ, ಆದರೂ ಜನ ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಅದು ನಿಂತ ಐದು ವರ್ಷಕ್ಕೆ, ಅದೇ ನಟರ ಧ್ವನಿಯಿಟ್ಟು, ಮಕ್ಕಳಿಗೆಂದು ಬೆಳಗಿನ ಹೊತ್ತಿಗೆ ಕಾರ್ಟೂನು ತೆಗೆದರು. ಮೂಲದ ಅಭಿಮಾನಿಗಳು ಅದನ್ನು ಮದುವೆ ಮನೆಗೆ ಬಂದ ದೂರದ ದಾಯಾದಿಯಂತೆ ಕಂಡರು. ಎದ್ದು ಹೋಗು ಎನ್ನಲಿಲ್ಲ, ಕೂತುಕೋ ಎಂದೂ ಹೇಳಲಿಲ್ಲ.

ನಾನು ಅದನ್ನು ಚಿಕ್ಕಂದಿನಲ್ಲಿ ಅಲ್ಲಲ್ಲಿ, ಕ್ಷೌರದಂಗಡಿಗಳಲ್ಲಿ ನೋಡಿದ್ದೆ. ಈಗ ಕ್ರಮವಾಗಿ, ಚೌಕಟ್ಟು ಚೌಕಟ್ಟಾಗಿ ನೋಡಿದಾಗ ಮೊದಲು ಕಾಣಿಸಿದ್ದು ಅದರ ಬಡತನ. ಕಪ್ತಾನನಿಗೆ ಇದ್ದದ್ದು ಒಂದೇ ನಡಿಗೆ. ಹನ್ನೆರಡು ಚಿತ್ರಗಳ ಆ ನಡಿಗೆಯನ್ನೇ ಹಿಮದಲ್ಲೂ ಮರಳಲ್ಲೂ ನೌಕೆಯ ಓಣಿಯಲ್ಲೂ ಬಳಸಿದ್ದರು. ವೈದ್ಯೆ ತಲೆ ತಿರುಗಿಸಿದರೆ ಅದು ಯಾವಾಗಲೂ ಎಡಕ್ಕೆ. ಬಲಕ್ಕೆ ತಿರುಗಬೇಕಾದಾಗ ಚಿತ್ರವನ್ನೇ ಮಗುಚಿ ಹಾಕುತ್ತಿದ್ದರು, ಆಗ ಅವಳ ಎದೆಯ ಬಿಲ್ಲೆಯೂ ಬಲಕ್ಕೆ ಜಿಗಿಯುತ್ತಿತ್ತು. ಆದರೆ ಎರಡನೆಯ ವಾರ ಇನ್ನೊಂದು ವಿಷಯ ಕಂಡಿತು. ಮೂಲದಲ್ಲಿ ಅನ್ಯಗ್ರಹದವನೆಂದರೆ ಹಣೆಗೆ ಮೇಣ ಮೆತ್ತಿದ ಒಬ್ಬ ನಟ. ಕಾರ್ಟೂನಿನಲ್ಲಿ ಆರು ತೋಳಿನವನನ್ನು ಬರೆಯಲು ಹಿಡಿಯುವುದೂ ಎರಡು ತೋಳಿನವನಿಗೆ ಹಿಡಿಯುವಷ್ಟೇ ಪೆನ್ಸಿಲು. ಆದ್ದರಿಂದ ಅಲ್ಲಿ ಕಡಲಿನಷ್ಟು ದೊಡ್ಡ ಪ್ರಾಣಿಯಿತ್ತು, ಹೊಗೆಯಿಂದಾದ ನ್ಯಾಯಾಧೀಶನಿದ್ದ. ಒಂಬತ್ತನೆಯ ಕಂತಿನಲ್ಲಿ ಮುದುಕರಾಗಿ ಹುಟ್ಟಿ ಮಕ್ಕಳಾಗಿ ಸಾಯುವ ಒಂದು ಜನಾಂಗವೇ ಇತ್ತು. ಅದನ್ನು ನೋಡಿದ ಮಧ್ಯಾಹ್ನ ಊಟದ ಗಂಟೆ ಬಾರಿಸಿದ್ದು ನನಗೆ ಕೇಳಿಸಲಿಲ್ಲ. ಕಥೆಗಳು ಮೂಲಕ್ಕಿಂತ ಧೈರ್ಯದವಾಗಿದ್ದವು, ಕೈಕಾಲು ಮಾತ್ರ ಸಣಕಲು.

ಇನ್ನು ನೌಕೆಯ ದನಿ. ಮೂಲದಲ್ಲಿ ನೌಕೆಯೇ ಸಿಬ್ಬಂದಿಯೊಡನೆ ಮಾತನಾಡುತ್ತಿತ್ತು, ಗೋಡೆಯಲ್ಲೊಂದು ಹಳದಿ ದೀಪ, ಅದರ ಹಿಂದಿನಿಂದ ಒಬ್ಬ ನಟಿಯ ಸಮಾಧಾನದ ದನಿ: “ಎಲ್ಲವೂ ಸ್ಥಿರವಾಗಿದೆ.” ಕಾರ್ಟೂನಿನ ಮೊದಲ ಹನ್ನೊಂದು ಕಂತುಗಳಲ್ಲಿಯೂ ಅವಳೇ. ಹನ್ನೆರಡನೆಯ ಕಂತಿನಿಂದ ಇದ್ದಕ್ಕಿದ್ದಂತೆ ಗಂಡು ದನಿ. ಕೊಳವೆಯೊಳಗಿಂದ ಬಂದಂತೆ ಮಂಕಾದ, ಭಾವವಿಲ್ಲದ ದನಿ. ಅಭಿಮಾನಿಗಳು ‘ನೌಕೆಗೆ ನೆಗಡಿಯಾಯಿತು’ ಎಂದು ಆಡಿಕೊಂಡರಂತೆ. ನನಗೂ ಅದು ರುಚಿಸಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಂಡು ದನಿಯ ಈ ಕೊನೆಯ ಹನ್ನೊಂದು ಕಂತುಗಳ ಮಾತಿನ ಸುರುಳಿಗಳಲ್ಲಿ ನೌಕೆಯ ಪ್ರತಿಯೊಂದು ವಾಕ್ಯಕ್ಕೆ ಮೊದಲು ‘ಸುಸ್’ ಎಂಬ ಲೋಹದ ಸದ್ದಿತ್ತು. ಟೇಪಿನ ಮೇಲಿನ ಪುಡಿ ಉದುರಿದಾಗ ಇಂಥದೇ ಸದ್ದು ಬರುತ್ತದೆ. ನಾನು ಹನ್ನೊಂದೂ ಚೀಟಿಗಳಲ್ಲಿ ಬರೆದೆ: ‘ನೌಕೆಯ ಮಾತು: ಪುಡಿ ಉದುರಿದ ದೋಷ, ಉದ್ದಕ್ಕೂ. ದರ್ಜೆ ನಾಲ್ಕು.’ ರುಜು ಹಾಕಿದೆ.

ಮೇಲ್ವಿಚಾರಕಿ ಆ ಚೀಟಿಗಳನ್ನು ಓದಿ ನನ್ನ ಮೇಜಿನ ತನಕ ನಡೆದು ಬಂದರು. ಅವರು ನಲವತ್ತೈದರ ಆಸುಪಾಸಿನವರು. ಹೊಗಳಿಕೆಯಲ್ಲಿ ಬಹಳ ಕೈಬಿಗಿ.

“ಹನ್ನೊಂದೂ ನಾಲ್ಕಾ?”

“ಹನ್ನೊಂದೂ.”

“ನಿಮ್ಮ ಬಾಯಿಗೆ ಸಕ್ಕರೆ ಹಾಕ! ನೋಡಿ, ಚಿತ್ರದಲ್ಲಿ ಒಂದು ಚುಕ್ಕೆನೂ ಬದಲಾಯಿಸೋ ಹಾಗಿಲ್ಲ ನಾವು, ಕರಾರಲ್ಲೇ ಇದೆ. ಧ್ವನಿ ಮಾತ್ರ, ಅದೂ ನಾಲ್ಕು ಬಿದ್ದಿದ್ರೆ ಮಾತ್ರ, ಬೇರೆ ಹಾಕಬಹುದು. ಈಗ ಹಾಕ್ತೀನಿ. ನಿಜವಾದ ದನಿ.”

ಮೂಲ ಧಾರಾವಾಹಿಯಲ್ಲಿ ಆ ನಟಿ ಆಡಿದ ಮಾತುಗಳೆಲ್ಲ ಉಗ್ರಾಣದಲ್ಲಿ ಸುರಕ್ಷಿತವಾಗಿದ್ದವು. ಅವನ್ನು ಕತ್ತರಿಸಿ ಜೋಡಿಸಿದರೆ ಯಾವ ವಾಕ್ಯವನ್ನೂ ಹೇಳಿಸಬಹುದಿತ್ತು.

“ಚಿಕ್ಕೋಳಿದ್ದಾಗ ಮನೇಲಿ ಒಬ್ಬಳೇ ಇರ್ತಿದ್ದೆ,” ಎಂದರು, ಚೀಟಿಗಳನ್ನು ಅಂಚು ಸೇರಿಸುತ್ತ. “ಟಿವಿ ಹಾಕಿದ್ರೆ ಆಕೆ ಎಲ್ಲಾ ಸ್ಥಿರವಾಗಿದೆ ಅನ್ನೋಳು. ಸರಿ, ಸ್ಥಿರವಾಗಿದೆ ಅಂತ ನಾನೂ ಹೋಂವರ್ಕ್ ಮಾಡ್ತಿದ್ದೆ. ಹನ್ನೆರಡನೇ ಕಂತಿನ ದಿನ ಆ ಪೈಪಿನ ಗಂಡಸು ಬಂದ ನೋಡಿ. ಅತ್ತುಬಿಟ್ಟೆ. ಬೆಳಗ್ಗೆ ಎದ್ದು ನೋಡಿದ್ರೆ ಅಮ್ಮನ್ನೇ ಬದಲಾಯಿಸಿದ್ದಾರೆ ಅನ್ನೋ ಹಾಗೆ.”

ಕೆಲಸ ಧ್ವನಿ ತಂತ್ರಜ್ಞನ ಪಾಲಿಗೆ ಬಂತು. ಸದಾ ಯಾವುದಾದರೊಂದು ತಿರುಪನ್ನು ತಿರುಗಿಸುತ್ತಲೇ ಇರುತ್ತಿದ್ದುದರಿಂದ ಅವನಿಗೆ ತಿರುಪಣ್ಣ ಎಂದು ಹೆಸರು ಬಿದ್ದಿತ್ತು. ಜೇಬಿನಲ್ಲಿ ಪುಸ್ತಕವಿಟ್ಟುಕೊಂಡು ತಿರುಗುವ ನನ್ನನ್ನು ಅವನು ‘ಕಾದಂಬರಿ’ ಎಂದು ಕರೆಯುತ್ತಿದ್ದ. ನಾಲ್ಕು ದಿನ ಕತ್ತರಿಸಿ ಅಂಟಿಸಿ ಹನ್ನೆರಡನೆಯ ಕಂತಿಗೆ ಹೆಣ್ಣು ದನಿ ಕೂರಿಸಿ ನಮ್ಮಿಬ್ಬರನ್ನೂ ಕರೆದ. ತೆರೆಯ ಮೇಲೆ ಗೋಡೆಯ ಹಳದಿ ದೀಪ ಹೊತ್ತಿತು. ಸದ್ದಿಲ್ಲ. ದೀಪ ಹೊತ್ತಿಕೊಂಡೇ ಇದ್ದು, ಆಮೇಲೆ ದನಿ ಬಂತು: “ಎಡ ಯಂತ್ರ ನಿಂತಿದೆ.” ದನಿ ಮುಗಿದ ಮೇಲೂ ದೀಪ ಎರಡು ಸಲ ಮಿಣುಕಿತು.

“ದೀಪಕ್ಕೆ ತಲೆ ಕೆಟ್ಟಿದೆ,” ಎಂದ ತಿರುಪಣ್ಣ. “ಆಯಮ್ಮ ಬಾಯಿ ತೆಗೆಯೋಕೆ ಮುಂಚೆನೇ ಹೊತ್ಕೊಳ್ಳತ್ತೆ. ಮಾತು ಹಿಂದೆ ಎಳೆದ್ರೆ ಕೊನೆ ತಪ್ಪತ್ತೆ, ಮುಂದೆ ತಳ್ಳಿದ್ರೆ ಮೊದಲು ತಪ್ಪತ್ತೆ. ನೋಡು ಕಾದಂಬರಿ, ಎಳೆದು ಎಳೆದು ಹಾಕಿದೀನಿ, ಕೇಳು.” ಇನ್ನೊಂದು ಆವೃತ್ತಿ ಹಾಕಿದ. ನೌಕೆಯು “ಎಡ… ಯಂ… ತ್ರ” ಎಂದು ಅಮಲೇರಿದವಳಂತೆ ತೊದಲಿತು.

ಮೇಲ್ವಿಚಾರಕಿ ನಗಲಿಲ್ಲ. “ಹಾಳೆಗಳು ಎಲ್ಲಿ?” ಎಂದರು.

ಕಾರ್ಟೂನು ಮಾಡುವಾಗ ಮಾತನ್ನು ಮೊದಲು ಮುದ್ರಿಸಿಕೊಳ್ಳುತ್ತಾರೆ. ಆಮೇಲೆ ಒಬ್ಬರು ಕೂತು ಆ ಮಾತನ್ನು ಹಿಂದೆ ಮುಂದೆ ಎಳೆದು ಕೇಳಿ, ಯಾವ ಚೌಕಟ್ಟಿನಲ್ಲಿ ಬಾಯಿ ತೆರೆದಿರಬೇಕು, ಯಾವುದರಲ್ಲಿ ಮುಚ್ಚಿರಬೇಕು, ಬಾಯಿಯಿಲ್ಲದ ನೌಕೆಗಾದರೆ ದೀಪ ಯಾವಾಗ ಹೊತ್ತಬೇಕು ಎಂದು ಗೆರೆ ಹಾಕಿದ ಹಾಳೆಯ ಮೇಲೆ ಗುರುತು ಮಾಡುತ್ತಾರೆ. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ. ಬಿಡಿಸುವವರು ಆ ಹಾಳೆ ಹೇಳಿದಂತೆ ಬಿಡಿಸುತ್ತಾರೆ. ‘ಅಂಚಿನಾಚೆ’ಯ ಹಾಳೆಗಳು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು, ಆದರೆ ಅವುಗಳ ಮೇಲಿನ ಕೊಂಡಿ, ಚುಕ್ಕೆ, ಓರೆಗೆರೆಗಳು ನಮಗೆ ಇರುವೆ ಹರಿದಂತೆ ಕಂಡವು. ಅವನ್ನು ಬರೆದವರು ಬದುಕಿದ್ದಾರೆಂದು ತಿಳಿದು, ಮೇಲ್ವಿಚಾರಕಿ ಅವರಿಗೆ ಫೋನು ಮಾಡಿದರು.

ಹೀಗೆ ಚೌಕದಕ್ಕ ಬಂದರು. ಆ ಕಾಲದ ಕೆಲಸಗಾರರು ಇಟ್ಟ ಹೆಸರು ಅದು. ತಾವೇ ಹಾಗೆ ಪರಿಚಯಿಸಿಕೊಂಡರು. ಎಪ್ಪತ್ತು ದಾಟಿದವರು, ಗಿಡ್ಡ, ಚುರುಕು. ಹೆಗಲಲ್ಲಿ ಬಟ್ಟೆ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಕನ್ನಡಕ. ಬಂದವರೇ ಪೆಟ್ಟಿಗೆಯಿಂದ ಒಂದು ಹಾಳೆ ಎಳೆದು, ಕನ್ನಡಕ ಬದಲಿಸಿ, ಉಗುರಿನಿಂದ ಅಂಚು ಸವರಿದರು.

“ನನ್ನದೇ. ಆಗೆಲ್ಲ ಪೆನ್ಸಿಲು ಒತ್ತಿ ಬರೀತಿದ್ದೆ. ಹೊಸಬಳು ನೋಡಿ, ಭಯ.” ಆಮೇಲೆ ತಲೆಯೆತ್ತಿ ಕೇಳಿದರು, “ಹನ್ನೆರಡರಿಂದ ಮುಂದಿಂದು ಹಾಕ್ತೀರಾ? ಅದನ್ನ ಕೇಳಿ ಎಷ್ಟೋ ವರ್ಷ ಆಯ್ತು. ಟಿವಿಯೋರು ಮತ್ತೆ ಹಾಕಲೇ ಇಲ್ಲ. ನೌಕೆ ಮಾತಾಡತ್ತಲ್ಲ, ಅದು ನಮ್ಮೋನು.”

ತಿರುಪಣ್ಣನ ಕೈಯಲ್ಲಿದ್ದ ತಿರುಪು ನಿಂತಿತು.

“ನಿಮ್ಮ… ಯಜಮಾನರಾ?” ಎಂದರು ಮೇಲ್ವಿಚಾರಕಿ.

“ಹೂಂ. ರೆಕಾರ್ಡಿಂಗ್ ಮಾಡ್ತಿದ್ದ. ಆ ನಟಿ ಕಾರ್ಟೂನು ಮಾಡ್ಸೋರ ಜೊತೆ ಜಗಳ ಆಡ್ಕೊಂಡು ಬರಲ್ಲ ಅಂದ್ಬಿಟ್ಟಳು. ಬೇರೆಯೋರನ್ನ ಹುಡುಕೋಕೆ ಪುರುಸೊತ್ತಿಲ್ಲ. ನಿರ್ದೇಶಕರು, ನೀನೇ ಮಾತಾಡೋ ಅಂದ್ರು. ಇವನಿಗೆ ನಾಚಿಕೆ. ಗಾಳಿ ಕೊಳವೆ ತಂದು ಮುಖಕ್ಕೆ ಅಡ್ಡ ಹಿಡ್ಕೊಂಡು ಮಾತಾಡಿದ, ಯಾರಿಗೂ ಗುರುತು ಸಿಗಬಾರದು ಅಂತ.” ಅವರು ನಕ್ಕರು. “ಊರೋರ ಗಂಟಲೆಲ್ಲ ಹಿಡಿದಿಟ್ಟ ಮನುಷ್ಯ. ತನ್ನದು ಮಾತ್ರ ಒಂದೂ ಇಟ್ಕೊಳ್ಳಲಿಲ್ಲ. ಮೈಕ್ ಪರೀಕ್ಷೆ ಮಾಡೋಕೂ ಒಂದು ಎರಡು ಅಂತ ಎಣಿಸ್ತಿರಲಿಲ್ಲ, ಚಿಟಿಕೆ ಹೊಡೀತಿದ್ದ. ಹೋಗಿ ಹತ್ತೊಂಬತ್ತು ವರ್ಷ. ಇರೋದು ಈ ಹನ್ನೊಂದು ಕಂತು ಅಷ್ಟೇ.”

ಮೇಲ್ವಿಚಾರಕಿ ವಿಷಯ ತಿಳಿಸಿದರು. ಮುಚ್ಚುಮರೆ ಮಾಡಲಿಲ್ಲ, ಅದು ಅವರ ಸ್ವಭಾವವಲ್ಲ. ಟೇಪು ಕೆಟ್ಟಿದೆಯೆಂದು ಪರಿಶೀಲಕರು ಬರೆದಿದ್ದಾರೆ, ಆದ್ದರಿಂದ ಮೂಲ ನಟಿಯ ದನಿ ಹಾಕುತ್ತಿದ್ದೇವೆ, ಹಳೆಯ ಸುರುಳಿಗಳು ನಾಶವಾಗುತ್ತವೆ, ದೀಪ ಮಾತ್ರ ಹೊಂದುತ್ತಿಲ್ಲ, ಅದಕ್ಕೇ ತಮ್ಮನ್ನು ಕರೆದದ್ದು.

“ಅಂದ್ರೆ, ಅವನನ್ನ ತೆಗೆಯೋಕೆ ನನ್ನನ್ನೇ ಕರೆದಿರಿ.”

“ನಮಗೆ ಗೊತ್ತಿರಲಿಲ್ಲ ಅಮ್ಮ.”

“ಗೊತ್ತಿದ್ದಿದ್ರೆ?”

“ಗೊತ್ತಿದ್ರೂ ಹಾಕ್ತಿದ್ದೆ. ಟೇಪ್ ಕೆಟ್ಟಿದೆ. ಬೇಕಾದ್ರೆ ಕೇಳಿಸೋಷ್ಟು ಭಾಗ ಒಂದು ಕಾಪಿ ಮಾಡಿ ಕೊಡ್ತೀನಿ. ಮನೇಲಿ ಇಟ್ಕೊಂಡು ಕೇಳಿ.”

“ಮನೇಲಿ ಏನ್ ಕೇಳ್ಲಿ? ದೀಪ ಇಲ್ಲಿದೆ.” ಅವರು ಹಾಳೆಯ ಮೇಲೆ ಬೆರಳಿಟ್ಟರು. “ಅವನು ಮಾತಾಡಿದ, ನಾನು ಹೊತ್ತಿಸಿದೆ. ಎರಡೂ ಒಟ್ಟಿಗಿದ್ರೆ ಅದೊಂದು ಕೆಲಸ. ಬರೀ ಮಾತು ಒಯ್ದು ಕಪಾಟಲ್ಲಿಟ್ರೆ ಗಂಡ ಸತ್ತೋಳ ಮನೆ ಸಾಮಾನು, ಅಷ್ಟೇ.” ಆಮೇಲೆ ನನ್ನ ಕಡೆ ತಿರುಗಿದರು. “ಏನ್ ಕೆಟ್ಟಿದೆಯಪ್ಪ ಅದರಲ್ಲಿ? ಯಾರು ಬರೆದಿದ್ದು, ನೀನಾ?”

“ನಾನೇ. ಪ್ರತಿ ವಾಕ್ಯಕ್ಕೆ ಮೊದಲು ಸುಸ್ ಅಂತ ಬರುತ್ತೆ. ಪುಡಿ ಉದುರಿದೆ.”

“ಪ್ರತಿ ವಾಕ್ಯಕ್ಕೂ?”

“ಒಂದನ್ನೂ ಬಿಟ್ಟಿಲ್ಲ.”

“ಬುದ್ಧಿವಂತ ಪುಡಿ,” ಎಂದರು ಚೌಕದಕ್ಕ. “ಮಾತು ಶುರುವಾಗೋದನ್ನ ಕಾದಿದ್ದು ಉದುರತ್ತೆ.”

ತಿರುಪಣ್ಣ ಕಿಸಕ್ಕೆಂದ. ನನ್ನ ಕಿವಿ ಬಿಸಿಯಾಯಿತು. ಅವರು ಹಾಳೆಯನ್ನು ನನ್ನ ಮುಂದೆ ಹರಡಿದರು.

“ಇಲ್ಲಿ ನೋಡು. ಇದು ದೀಪದ ಸಾಲು. ಇಲ್ಲಿಂದ ‘ಎಡ ಯಂತ್ರ’ ಶುರು. ಅದಕ್ಕಿಂತ ಮುಂಚೆ ಒಂಬತ್ತು ಚೌಕ ಕೊಂಡಿ ಹಾಕಿದೀನಿ, ಕಾಣ್ತಾ? ಅರ್ಧ ಬೆಳಕು. ಇನ್ನೊಂದು ವಾಕ್ಯ, ಇಲ್ಲಿ ಎಂಟು. ಇಲ್ಲಿ ಹನ್ನೊಂದು, ಉದ್ದ ಮಾತು ಬರೋದಿತ್ತು. ಉಸಿರು ಕಣಪ್ಪ. ಕೊಳವೇಲಿ ಉಸಿರು ಎಳ್ಕೊಂಡ್ರೆ ಸುಸ್ ಅನ್ನತ್ತೆ. ಮದುವೆಯಾಗಿ ಎರಡು ತಿಂಗಳು ಆಗಿತ್ತು ನಂಗೆ. ಮಾತಿಗೆ ಮಾತ್ರ ದೀಪ ಹಾಕ್ಬೇಕು ಅಂತ ಗೊತ್ತಿರಲಿಲ್ಲ. ಕೇಳಿಸಿದ್ದಕ್ಕೆಲ್ಲ ಹಾಕಿದೆ. ನಿರ್ದೇಶಕರು ನೋಡಿ, ನಿನ್ ಗಂಡ ಉಸಿರಾಡೋದಕ್ಕೂ ದೀಪ ಹಚ್ಚಿದೀಯಲ್ಲಮ್ಮ ಅಂತ ಬೈದ್ರು. ಅಷ್ಟರಲ್ಲಿ ಬಣ್ಣ ಹಾಕಿ ಆಗಿತ್ತು. ಸರಿ, ಹಾಗೇ ಇರ್ಲಿ, ನೌಕೆಗೆ ಅದೊಂದು ಗುಣ ಅಂತ ಮುಂದೂ ಹಾಗೇ ಮಾಡಿಸಿದ್ರು.”

ನಾನು ಹಾಳೆಯನ್ನು ಎತ್ತಿಕೊಂಡು ಚಿತ್ರದ ಮೇಜಿಗೆ ಹೋದೆ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಆ ಗಂಡು ದನಿಯ ಸುರುಳಿ. ಮನೆಯ ನಿಯಮ ಮುರಿದು ಎರಡನ್ನೂ ಒಟ್ಟಿಗೆ ಓಡಿಸಿದೆ. ದೀಪ ಅರ್ಧ ಹೊತ್ತಿತು, ಸುಸ್ ಎಂದಿತು, ಪೂರ್ತಿ ಹೊತ್ತಿತು, ಮಾತು ಬಂತು. ಇನ್ನೊಂದು ವಾಕ್ಯ, ಮತ್ತೆ ಹಾಗೆಯೇ. ಹತ್ತು ಹನ್ನೆರಡು ವಾಕ್ಯಗಳ ಮೇಲೆ ನಿಲ್ಲಿಸಿದೆ. ಸಂಶಯಕ್ಕೆ ಎಡೆಯಿರಲಿಲ್ಲ. ನಾನು ಒಬ್ಬ ಮನುಷ್ಯನ ಉಸಿರನ್ನು ದೋಷವೆಂದು ಬರೆದಿದ್ದೆ, ಹನ್ನೊಂದು ಸಲ, ರುಜು ಸಮೇತ.

ಆದರೂ ಅಂದು ನಾನು ಏನನ್ನೂ ಹೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಚೀಟಿ ಹಿಂದಕ್ಕೆ ಪಡೆಯುವುದು ಆ ಮನೆಯಲ್ಲಿ ಎಂಥ ಮಾತೆಂಬುದು ನನಗೆ ಗೊತ್ತಿತ್ತು. ಚಳಿಗಾಲ ಮುಗಿಯುವ ತನಕವಾದರೂ ಅಲ್ಲಿರುವ ಯೋಚನೆಯಿತ್ತು. ಅಷ್ಟರಲ್ಲಿ ತಿರುಪಣ್ಣನಿಗೆ ಉಪಾಯವೊಂದು ಹೊಳೆದು, ನನಗೂ ಒಂದು ದಿನದ ಬಿಡುವು ಸಿಕ್ಕಿತು.

ಮರುದಿನ ಅವನು ಎಲ್ಲರನ್ನೂ ಕೂರಿಸಿದ. ಮುಖದಲ್ಲಿ ಗೆದ್ದವನ ಕಳೆ. “ಇಬ್ಬರಿಗೂ ಬೇಜಾರಾಗದ ಹಾಗೆ ಮಾಡಿದೀನಿ. ಕೇಳಿ.”

ದೀಪ ಅರ್ಧ ಹೊತ್ತಿತು. ಸುಸ್. ದೀಪ ಪೂರ್ತಿ ಹೊತ್ತಿತು. “ಎಡ ಯಂತ್ರ ನಿಂತಿದೆ,” ಎಂದಿತು ಹೆಣ್ಣು ದನಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು.

“ಇದು ಯಾರು?” ಎಂದರು ಚೌಕದಕ್ಕ.

“ಉಸಿರು ನಿಮ್ಮೋರದ್ದು, ಮಾತು ಆಯಮ್ಮಂದು,” ಎಂದ ತಿರುಪಣ್ಣ. “ಉಸಿರು ಇರೋದ್ರಿಂದ ದೀಪ ಸರಿಯಾಯ್ತು.”

ಚೌಕದಕ್ಕ ತುಟಿ ಬಿಗಿದು ಕೂತರು. ಆಮೇಲೆ ಭುಜ ಕುಲುಕಿತು, ನಗುತ್ತಿದ್ದರು.

“ನಮ್ಮನೇಲೂ ಹೀಗೇ ಇತ್ತಪ್ಪ. ಅವನು ಮಾತಾಡ್ಬೇಕು ಅಂತ ಉಸಿರು ಎಳ್ಕೊಳ್ಳೋನು. ಅಷ್ಟರಲ್ಲಿ ನಾನು ಹೇಳಿ ಮುಗಿಸಿರ್ತಿದ್ದೆ.”

ಎಲ್ಲರೂ ನಕ್ಕರು, ಮೇಲ್ವಿಚಾರಕಿಯೂ. ನಗು ಇಳಿಯುತ್ತಿದ್ದಂತೆ ಚೌಕದಕ್ಕ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು.

“ಬೇಡ. ಇಡೀ ಜನ್ಮದಲ್ಲಿ ಹನ್ನೊಂದು ದಿನ ಅವನು ಮಾತು ಮುಗಿಸಿದ. ಅದನ್ನೂ ಅರ್ಧಕ್ಕೆ ನಿಲ್ಲಿಸ್ಬೇಡಿ. ಹಾಕೋದಾದ್ರೆ ಪೂರ್ತಿ ಆಕೇದೇ ಹಾಕಿ, ದೀಪ ಹೇಗಾದ್ರೂ ಹೊತ್ತಲಿ. ಇದು ಮಾತ್ರ ಬೇಡ.”

“ಕೊನೆ ಮಾತಾ?” ಎಂದರು ಮೇಲ್ವಿಚಾರಕಿ.

“ನಂದೇನಿದೆ ಕೊನೆ ಮಾತು? ನಿಮ್ಮ ಚೀಟೀಲಿ ನಾಲ್ಕು ಅಂತ ಇದ್ಯಲ್ಲ.”

ಅವರು ಯಾರನ್ನೂ ದಿಟ್ಟಿಸಿ ಹೇಳಲಿಲ್ಲ. ಚೀಲ ಹೆಗಲಿಗೇರಿಸಿ, ನೀರು ಕುಡಿದು ಬರುತ್ತೇನೆಂದು ಓಣಿಗೆ ಹೋದರು.

ನನಗೆ ಕನಿಕರ ಉಕ್ಕಿತೆಂದು ಬರೆದರೆ ಅದು ನಾನು ಓದಿದ ಪುಸ್ತಕಗಳಿಂದ ಕದ್ದ ವಾಕ್ಯವಾದೀತು. ಆದದ್ದು ಇಷ್ಟೇ: ನಾನು ಬರೆದದ್ದು ನಿಜವಲ್ಲ, ಅದು ನಿಜವಲ್ಲವೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಮತ್ತು ಅದನ್ನು ಹೇಳಬಲ್ಲ ರುಜು ನನ್ನೊಬ್ಬನದೇ.

“ಹನ್ನೊಂದೂ ಚೀಟಿ ಹಿಂದಕ್ಕೆ ತಗೋತೀನಿ, ಮೇಡಂ,” ಎಂದೆ.

ತಿರುಪಣ್ಣ, “ಲೋ ಕಾದಂಬರಿ,” ಎಂದು ಎಚ್ಚರಿಸುವವನಂತೆ ಗೊಣಗಿದ.

ಮೇಲ್ವಿಚಾರಕಿ ಬಾಗಿಲು ಮುಚ್ಚಿದರು. “ಏನ್ ಹೇಳ್ತಿದೀರಿ ಅಂತ ಗೊತ್ತಿದ್ಯಾ? ಉಸಿರೇ ಇರಬಹುದು. ಆದ್ರೂ ಅದು ಗದ್ದಲ ತಾನೇ? ಕೇಳೋರಿಗೆ ಕಿರಿಕಿರಿ ತಾನೇ?”

“ಗದ್ದಲಕ್ಕೆ ದರ್ಜೆ ಎರಡು. ನಾಲ್ಕಲ್ಲ.”

“ಹನ್ನೊಂದು ತಪ್ಪಿದೆ ಅಂದ್ಮೇಲೆ ಉಳಿದದ್ದು ಸರಿ ಅಂತ ನಾನು ಹೇಗೆ ನಂಬಲಿ? ನೀವು ನೋಡಿದ್ದನ್ನೆಲ್ಲ ಇನ್ನೊಬ್ಬರು ಮೊದಲಿಂದ ನೋಡ್ಬೇಕು. ಎಲ್ಲಾನೂ.”

“ನೋಡಬೇಕು.”

“ಆಮೇಲೆ ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲ.”

“ಆಗಲ್ಲ,” ಎಂದೆ. ನನ್ನ ಉತ್ತರಗಳು ಅವರಿಗೆ ಇನ್ನಷ್ಟು ಸಿಟ್ಟು ತರಿಸಿದವೆಂದು ಕಾಣುತ್ತದೆ. ಅವರು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತರು. ಕೆಳಗೆ ಅಂಗಳದಲ್ಲಿ ಒಬ್ಬಾತ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದ. ದಪ್ಪ ಗೋಡೆಗಳಿಂದಾಗಿ ಸದ್ದು ಕೇಳಿಸುತ್ತಿರಲಿಲ್ಲ.

“ನನಗೆ ಆ ಹೆಂಗಸಿನ ದನಿ ಬೇಕಿತ್ತು ಕಣ್ರೀ,” ಎಂದರು, ಕಿಟಕಿಗೆ ಹೇಳುವವರಂತೆ. “ಇಪ್ಪತ್ತೆರಡರಲ್ಲೂ.”

ಆಮೇಲೆ ಅವರೇ ಹನ್ನೆರಡನೆಯ ಕಂತನ್ನು ಹಳೆಯ ದನಿಯೊಂದಿಗೆ ಹಾಕಿಸಿಕೊಂಡು, ಚೌಕದಕ್ಕನನ್ನೂ ಕರೆದು ಪಕ್ಕ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ನೋಡಿದರು. ನಿಯಮದ ಪ್ರಕಾರ, ಪರಿಶೀಲಕ ತಪ್ಪಿದಲ್ಲಿ ಮೇಲ್ವಿಚಾರಕಿ ಸ್ವತಃ ಕೇಳಬೇಕು. ಚೌಕದಕ್ಕ ತೆರೆಯನ್ನು ನೋಡಲೇ ಇಲ್ಲ. ಹಾಳೆಯ ಮೇಲೆ ಬೆರಳು ಜಾರಿಸುತ್ತ ಹೋದರು, ದೀಪಕ್ಕಿಂತ ಒಂದು ಚೌಕವೂ ಹಿಂದೆ ಬೀಳದೆ. ಗಂಡನ ದನಿ “ನನ್ನಲ್ಲಿ ಉತ್ತರವಿಲ್ಲ, ಕಪ್ತಾನ” ಎಂದಾಗ ಮಾತ್ರ ಬೆರಳು ಎರಡು ಸಾಲು ತಪ್ಪಿ, ಮತ್ತೆ ಹುಡುಕಿಕೊಂಡಿತು.

ಕಂತು ಮುಗಿಯಿತು.

“ನಂಗೆ ಈಗಲೂ ಇಷ್ಟ ಆಗಲಿಲ್ಲ ಈ ದನಿ,” ಎಂದರು ಮೇಲ್ವಿಚಾರಕಿ.

“ಇಷ್ಟ ಆಗೋ ಅಂಥದ್ದೇನಲ್ಲ ಬಿಡಿ,” ಎಂದರು ಚೌಕದಕ್ಕ. “ಮಾತಾಡೋಕೆ ಬರ್ತಿರಲಿಲ್ಲ ಅವನಿಗೆ.”

“ಆದ್ರೆ ಕೇಳಿಸತ್ತೆ.”

“ಕೇಳಿಸತ್ತೆ.”

ಮೇಲ್ವಿಚಾರಕಿ ಹೊಸ ಚೀಟಿಗಳ ಕಟ್ಟು ಎಳೆದುಕೊಂಡು ನನ್ನ ಮುಂದೆ ತಳ್ಳಿದರು. “ಬರೀರಿ. ನಾನು ರುಜು ಹಾಕ್ತೀನಿ. ಇದೊಂದು ಮುಗಿಸಿ ಹೋಗಿ.”

ಮುಂದಿನ ಮೂರು ದಿನ ನಾವು ಮೂವರೂ ಕೂತು ಉಳಿದ ಹತ್ತು ಕಂತುಗಳನ್ನು ಕೇಳಿದೆವು. ನಾನು ದರ್ಜೆ ಹೇಳುತ್ತಿದ್ದೆ, ಮೇಲ್ವಿಚಾರಕಿ ಮುಖ ಗಂಟಿಕ್ಕಿಕೊಂಡೇ ಒಪ್ಪುತ್ತಿದ್ದರು. ಎರಡು, ಎರಡು, ಎರಡು. ಹದಿನೈದನೆಯ ಕಂತು ಮುಗಿದಾಗಲೂ ನಾನು ಎರಡು ಎಂದು ಬರೆಯಹೊರಟೆ.

“ಮೂರು,” ಎಂದರು ಚೌಕದಕ್ಕ.

“ಇದರಲ್ಲಿ ಅಂಥ ದೋಷ ಇಲ್ಲವಲ್ಲ ಅಮ್ಮ?”

“ಕೊಳವೆ ಮೈಕಿಗೆ ತಾಗಿ ತಾಗಿ ಕಟಕಟ ಅನ್ನತ್ತೆ ನೋಡು, ಪೂರ್ತಿ. ಅವತ್ತೇ ಹೇಳಿದ್ದೆ, ನೆಟ್ಟಗೆ ಹಿಡ್ಕೋ ಅಂತ. ಕೇಳಿದ್ರೆ ತಾನೇ? ರಿಪೇರಿ ಆಗ್ಬೇಕು ಅದು. ಮೂರು ಬರಿ.”

“ನಿಮ್ಮ ಯಜಮಾನರದ್ದು…”

“ಯಾರದಾದ್ರೇನು? ಒಂದು ಸಲ ಸುಳ್ಳು ಬರೆದು ಸಾಕಾಗಲಿಲ್ವಾ ನಿಂಗೆ?”

ನಾನು ಮೂರು ಎಂದು ಬರೆದೆ. ತಿರುಪಣ್ಣ ಗಾಜಿನ ಆಚೆಯಿಂದ, ಆ ಕಟಕಟವನ್ನು ತಾನು ಎರಡು ದಿನದಲ್ಲಿ ತೆಗೆದುಹಾಕುತ್ತೇನೆ, ಯಾರ ಉಸಿರಿಗೂ ಕೈ ಹಚ್ಚುವುದಿಲ್ಲವೆಂದು ಕೂಗಿ ಹೇಳಿದ.

ಹನ್ನೊಂದನೆಯ ಚೀಟಿಗೆ ರುಜು ಬಿದ್ದದ್ದು ಮಧ್ಯಾಹ್ನ ಮೂರಕ್ಕೆ. ಸುರುಳಿಗಳು ನಾಶದ ಕಪಾಟಿನಿಂದ ಮೇಲಿನ ಮಹಡಿಗೆ ಹೋದವು. ಚೌಕದಕ್ಕ ಹಾಳೆಗಳನ್ನು ಕಂತಿನ ಪ್ರಕಾರ ಜೋಡಿಸಿ ಪೆಟ್ಟಿಗೆ ಮುಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನನಗೆ ಧನ್ಯವಾದ ಹೇಳಲಿಲ್ಲ, ಹೇಳುವಂಥದ್ದೂ ಏನಿರಲಿಲ್ಲ. ಬಾಗಿಲ ಬಳಿ ಮೇಲ್ವಿಚಾರಕಿ ಅವರಿಗೆ ಮೆಟ್ಟಿಲಿಳಿಯಲು ಕೈ ಕೊಟ್ಟದ್ದನ್ನು ಮಾತ್ರ ನೋಡಿದೆ.

ನಾನು ಬಾಡಿಗೆಗಿದ್ದ ಕೋಣೆ ಎರಡು ಬೀದಿ ಆಚೆ, ಹೊಲಿಗೆಯಂಗಡಿಯ ಮೇಲೆ. ಕಟ್ಟಿಕೊಳ್ಳಲು ಹೆಚ್ಚೇನಿರಲಿಲ್ಲ: ಮೂರು ಅಂಗಿ, ಒಂದು ಕಂಬಳಿ, ಗಡ್ಡ ಹೆರೆಯುವ ಡಬ್ಬಿ. ಓದಿ ಮುಗಿಸಿದ ಒಂಬತ್ತು ಪುಸ್ತಕಗಳನ್ನು ಕೆಳಗಿನ ದರ್ಜಿಗೆ ಕೊಟ್ಟೆ. ಅವನು ಮೊದಲ ಪುಟ ತಿರುವಿ, ಕೊಲೆ ಮಾಡಿದವನು ಯಾರೆಂದು ಈಗಲೇ ಹೇಳಿಬಿಡು, ನನಗೆ ಕಾಯಲು ಪುರುಸೊತ್ತಿಲ್ಲ ಎಂದ. ಹೇಳಿದೆ. ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ, ಚೀಲದ ಬಾರನ್ನು ಒಂದು ತೂತು ಬಿಗಿ ಮಾಡಿ, ಉಪ್ಪಿನ ಕಾರ್ಖಾನೆಯೊಂದರಲ್ಲಿ ತೂಕದವನು ಬೇಕಾಗಿದ್ದಾನೆಂದು ಕೇಳಿದ್ದ ಊರಿನ ಕಡೆಗೆ, ಹೊರಡಲಿದ್ದ ಲಾರಿಯ ಚಾಲಕನ ಪಕ್ಕ ಏರಿ ಕೂತೆ.